ಬಿದ್ದರೂ ಅಳದ, ಮಾತು ಬಾರದ ಮಗಳು: ಮನೆಯಲ್ಲಿ ಕನ್ನಡ ಬಿಡಬೇಕೇ?

ಪ್ರಶ್ನೆ: ನಾವು ಗದಗ ಕಡೆಯವರು, 8 ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ ಈಗ 3 ವರ್ಷ 4 ತಿಂಗಳು. ಕತ್ತು ನಿಂತದ್ದು ತಡ, ನಡೆದದ್ದು 2 ವರ್ಷ ದಾಟಿದ ಮೇಲೆ. ಒಂದೂವರೆ ವರ್ಷದ ಹೊತ್ತಿಗೆ ‘ಅಮ್ಮ’, ‘ಬಾ’ ಎನ್ನುತ್ತಿದ್ದಳು, ಈಗ ಅದೂ ಅಪರೂಪ. ಬಿದ್ದರೂ ಅಳುವುದಿಲ್ಲ, ನಮ್ಮ ಅತ್ತೆ ಅವಳನ್ನು ಗಟ್ಟಿಗಿತ್ತಿ ಎನ್ನುತ್ತಾರೆ. ಮೈಕ್ರೋಅರೇ ಪರೀಕ್ಷೆಯಲ್ಲಿ ‘22ಕ್ಯೂ13.33 ಡಿಲೀಷನ್, ಸುಮಾರು 1.5 ಮೆಗಾಬೇಸ್, ಫೆಲನ್-ಮೆಕ್‌ಡರ್ಮಿಡ್ ಸಿಂಡ್ರೋಮ್’ ಎಂದು ಬಂದಿದೆ. ನಾನು ಸೋದರತ್ತೆಯ ಮಗನನ್ನೇ ಮದುವೆಯಾದವಳು, ಅದೇ ಇದಕ್ಕೆ ಕಾರಣ ಎಂದು ನೆಂಟರು ಆಡಿಕೊಳ್ಳುತ್ತಾರೆ. ಥೆರಪಿ ಕೇಂದ್ರವೊಂದರಲ್ಲಿ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ ಎಂದರು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮಗಳಿಗೆ ಮಾತು ಬರುತ್ತದೆಯೇ? ಕನ್ನಡ ಬಿಡಬೇಕೇ? ಇನ್ನೊಂದು ಮಗುವಿನ ಬಗ್ಗೆ ಯೋಚಿಸಬಹುದೇ?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಾಯಿ, ನೀವು ಕೇಳಿದ್ದು ಮೂರು ಪ್ರಶ್ನೆ. ಆದರೆ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ನೀವು ಪ್ರಶ್ನೆಯಾಗಿ ಕೇಳದ ಒಂದು ಸಾಲಿನ ಮೇಲೆ: ‘ಬಿದ್ದರೂ ಅಳುವುದಿಲ್ಲ.’ ಉಳಿದ ವಿಷಯಗಳಿಗೆ ನಿಧಾನವಾಗಿ ಬರೋಣ, ಇದಕ್ಕೆ ಮಾತ್ರ ಇವತ್ತೇ ಉತ್ತರ ಬೇಕು.

ಕೆಲವು ವರ್ಷಗಳ ಹಿಂದೆ ಇದೇ ತೊಂದರೆಯಿದ್ದ ನಾಲ್ಕು ವರ್ಷದ ಹುಡುಗನೊಬ್ಬ ತಂದೆಯ ಜೊತೆ ದಾದರಿನ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದ. ನಾವು ದೊಡ್ಡವರು ಮಾತನಾಡುತ್ತಿದ್ದಾಗ ಅವನು ಆಟಿಕೆಯ ಡ್ರಾಯರನ್ನು ಎಳೆಯುತ್ತ, ನೂಕುತ್ತ ಕುಳಿತಿದ್ದ. ತುಸು ಹೊತ್ತಾದ ಮೇಲೆ ಎದ್ದು ಬಂದು ತಂದೆಯ ಮೊಣಕಾಲಿಗೆ ಕೈ ಒತ್ತಿ ನಿಂತ. ಪ್ಯಾಂಟಿನ ಮೇಲೆ ಕೆಂಪು ಗುರುತು ಬಿದ್ದಾಗಲೇ ಬೆರಳು ಡ್ರಾಯರಿಗೆ ಸಿಕ್ಕಿ ಉಗುರು ಎದ್ದು ಬಂದಿರುವುದು ನಮಗೆ ಗೊತ್ತಾಗಿದ್ದು. ಹುಡುಗ ಅತ್ತಿರಲಿಲ್ಲ, ಮುಖ ಕೂಡ ಕಿವುಚಿರಲಿಲ್ಲ. ಆದರೆ ಎದ್ದು ತಂದೆಯ ಹತ್ತಿರ ಬಂದಿದ್ದ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಮಗಳ ವರದಿಯಲ್ಲಿರುವ ಈ ಸ್ಥಿತಿಯ ಮಕ್ಕಳಲ್ಲಿ ಅನೇಕರು ನೋವನ್ನು ಹೊರಗೆ ತೋರಿಸುವುದೇ ಕಡಿಮೆ. ಕಿವಿಯಲ್ಲಿ ಕೀವಾದರೂ, ಹಲ್ಲು ಹುಳುಕಾದರೂ, ಕೆಲವೊಮ್ಮೆ ಮೂಳೆ ಬಿರುಕು ಬಿಟ್ಟರೂ ಅಳು ಬರುವುದಿಲ್ಲ. ಆದ್ದರಿಂದ ಅಳುವನ್ನು ನಂಬಿಕೊಂಡು ಕೂರಬೇಡಿ. ದಿನವೂ ಸ್ನಾನ ಮಾಡಿಸುವಾಗ ನೆತ್ತಿಯಿಂದ ಕಾಲುಗುರಿನ ತನಕ ಒಮ್ಮೆ ನೋಡಿ. ಬಿದ್ದ ಮೇಲೆ ಒಂದು ಕೈಯನ್ನೋ ಕಾಲನ್ನೋ ಬಳಸಲು ಹಿಂಜರಿದರೆ, ಅಳದಿದ್ದರೂ ಎಕ್ಸ್‌ರೇ ಮಾಡಿಸಿ. ಇದ್ದಕ್ಕಿದ್ದಂತೆ ನಿದ್ದೆಗೆಟ್ಟರೆ, ಊಟ ಬಿಟ್ಟರೆ, ತನ್ನ ತಲೆಗೆ ತಾನೇ ಹೊಡೆದುಕೊಂಡರೆ ‘ಹಟ’ ಎಂದು ತಳ್ಳಿಹಾಕುವ ಮೊದಲು ಕಿವಿ, ಹಲ್ಲು, ಗಂಟಲು, ಮೂತ್ರ, ಮಲಬದ್ಧತೆ ಇಷ್ಟನ್ನೂ ಪರೀಕ್ಷಿಸಬೇಕು. ಈ ಮಕ್ಕಳ ‘ಹಟ’ದ ಹಿಂದೆ ಐದು ದಿನದಿಂದ ಆಗದ ಮಲವಿಸರ್ಜನೆ ಇದ್ದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇದರ ಜೊತೆಗೇ ಇನ್ನೊಂದು ಸಂಗತಿ: ಹಲವರಿಗೆ ಬೆವರುವುದೂ ಕಡಿಮೆ, ಮೈ ಬೇಗ ಕಾಯುತ್ತದೆ. ಮುಂಬಯಿಯ ಮೇ ತಿಂಗಳ ಸೆಕೆ, ಮಳೆ ಹಿಂದೆ ಸರಿದ ಮೇಲಿನ ಅಕ್ಟೋಬರಿನ ಬಿಸಿಲು, ಕಿಕ್ಕಿರಿದ ಲೋಕಲ್ ಗಾಡಿಯ ಡಬ್ಬಿ, ಇವೆಲ್ಲ ಅವಳಿಗೆ ನಮಗಿಂತ ಕಠಿಣ. ಹೊರಗೆ ಹೊರಡುವಾಗ ನೀರಿನ ಬಾಟಲಿಯೊಂದಿಗೆ ಒಂದು ಒದ್ದೆ ಪಂಚೆಯ ತುಂಡನ್ನೂ ಇಟ್ಟುಕೊಳ್ಳಿ. ಕೆನ್ನೆ ಕೆಂಪಾಗಿ ಮೈ ಬಿಸಿಯಾಗಿ ಕಂಡರೆ ಕತ್ತು, ಕಂಕುಳು ಒರೆಸಿ ನೆರಳಿನಲ್ಲಿ ಕೂರಿಸಿ. ಥೆರಪಿಗೆ ಹೋಗುವ ಹೊತ್ತನ್ನು ಸಾಧ್ಯವಾದಷ್ಟು ಜನಸಂದಣಿ ಇಳಿದ ಮೇಲೆ ಇಟ್ಟುಕೊಳ್ಳಿ.

ಅತ್ತೆಯವರಿಗೆ ಇದನ್ನು ತಿಳಿಸುವಾಗ ಅವರದು ತಪ್ಪು ಎನ್ನುವ ದನಿ ಬೇಡ. ಮೊಮ್ಮಗಳು ಬಿದ್ದಾಗ ಅಳುವುದಿಲ್ಲ ಎಂಬುದನ್ನು ಎಲ್ಲರಿಗಿಂತ ಮೊದಲು ಕಂಡವರು ಅವರೇ. ಅವರು ಕಂಡದ್ದು ಸರಿ, ಇಟ್ಟ ಹೆಸರು ಮಾತ್ರ ಬದಲಾಗಬೇಕು.

ಈಗ ವರದಿಯನ್ನು ಬಿಡಿಸಿ ನೋಡೋಣ. ನಮ್ಮ ಪ್ರತಿ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ (ಕ್ರೋಮೋಸೋಮ್), ಜೊತೆಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ. ‘22’ ಎಂದರೆ 22ನೆಯ ವರ್ಣತಂತು. ಪ್ರತಿ ವರ್ಣತಂತುವಿಗೂ ನಡುವೆ ಒಂದು ಸೊಂಟ, ಅದರ ಆಚೀಚೆ ಎರಡು ತೋಳು. ಗಿಡ್ಡ ತೋಳಿಗೆ ‘ಪಿ’, ಉದ್ದ ತೋಳಿಗೆ ‘ಕ್ಯೂ’ ಎನ್ನುತ್ತಾರೆ. ‘13.33’ ಎಂಬುದು ಆ ಉದ್ದ ತೋಳಿನ ಕಟ್ಟಕಡೆಯ ಪಟ್ಟಿಯ ಗುರುತು. ‘ಡಿಲೀಷನ್’ ಎಂದರೆ ತುಂಡು ಕಳೆದುಹೋಗಿದೆ ಎಂದು, ‘1.5 ಮೆಗಾಬೇಸ್’ ಎಂದರೆ ಆ ತುದಿಯಲ್ಲಿ ವಂಶವಾಹಿ ಬರಹದ (ಡಿಎನ್‌ಎ) ಸುಮಾರು 15 ಲಕ್ಷ ಅಕ್ಷರಗಳು ಒಂದು ಪ್ರತಿಯಲ್ಲಿ ಇಲ್ಲ. ಇಡೀ 22ನೆಯ ವರ್ಣತಂತುವಿನಲ್ಲಿರುವುದು ಸುಮಾರು 5 ಕೋಟಿ ಅಕ್ಷರ. ಮನುಷ್ಯನ ವರ್ಣತಂತುಗಳ ಪೈಕಿ ವಿಜ್ಞಾನಿಗಳು ಅಕ್ಷರ ಅಕ್ಷರವಾಗಿ ಮೊತ್ತಮೊದಲು ಓದಿ ಪ್ರಕಟಿಸಿದ್ದು ಇದನ್ನೇ, 1999ರ ಡಿಸೆಂಬರಿನಲ್ಲಿ.

ಆ ಕಳೆದ ತುಂಡಿನಲ್ಲಿ ಹಲವು ಜೀನ್‌ಗಳಿವೆ. ಮುಖ್ಯವಾದದ್ದು ಶ್ಯಾಂಕ್3. ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂದಿಯಲ್ಲಿ, ಸುದ್ದಿ ಪಡೆಯುವ ಬದಿಯ ಅಂಗಗಳನ್ನೆಲ್ಲ ಹಿಡಿದು ನಿಲ್ಲಿಸುವ ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ. ಗಣೇಶ ಚೌತಿಗೆ ನಿಮ್ಮ ಬೀದಿಯಲ್ಲಿ ಮಂಟಪ ಎಬ್ಬಿಸುವಾಗ ಮೊದಲು ಬಿದಿರಿನ ಹಂದರ ಕಟ್ಟುತ್ತಾರಲ್ಲ, ದೀಪ, ಬಟ್ಟೆ, ಅಲಂಕಾರ ಎಲ್ಲ ಅದಕ್ಕೇ ಆತುಕೊಳ್ಳುತ್ತವೆ. ಶ್ಯಾಂಕ್3 ಆ ಹಂದರದಂಥದ್ದು. ಒಂದು ಪ್ರತಿ ಇಲ್ಲವಾದ್ದರಿಂದ ಮಗಳ ಮಿದುಳಿಗೆ ಬಿದಿರು ಅರ್ಧದಷ್ಟೇ ಸಿಗುತ್ತಿದೆ. ಮಂಟಪ ನಿಲ್ಲುತ್ತದೆ, ಆದರೆ ಕಟ್ಟಲು ಹೆಚ್ಚು ಹೊತ್ತು, ಹೆಚ್ಚು ಕೈಗಳು ಬೇಕು. ಸ್ನಾಯುಗಳ ಬಿಗಿ ಕಡಿಮೆ, ಕತ್ತು ನಿಲ್ಲುವುದು ತಡ, ನಡಿಗೆ ತಡ, ಮಾತು ಎಲ್ಲಕ್ಕಿಂತ ತಡ, ಎಲ್ಲವೂ ಅಲ್ಲಿಂದಲೇ.

ಕೇಟಿ ಫೆಲನ್ ಮತ್ತು ಹೆದರ್ ಮೆಕ್‌ಡರ್ಮಿಡ್ ಎಂಬ ಇಬ್ಬರು ವಿಜ್ಞಾನಿಗಳ ಹೆಸರು ಈ ಸ್ಥಿತಿಗೆ ಬಂದಿದೆ. 2001ರಲ್ಲಿ ಇಟಲಿಯ ಸಂಶೋಧಕರು ಇದರ ಮೂಲ ಶ್ಯಾಂಕ್3 ಜೀನಿನಲ್ಲಿದೆ ಎಂಬುದರತ್ತ ಬೆರಳು ತೋರಿಸಿದರು. 2007ರಲ್ಲಿ ಫ್ರಾನ್ಸಿನ ತಂಡವೊಂದು ಅದೇ ಜೀನಿನ ದೋಷವನ್ನು ಆಟಿಸಂ ಇರುವ ಕೆಲವರಲ್ಲಿ ಕಂಡಿತು. ಮುಂದೆ ಯಾರಾದರೂ ವೈದ್ಯರು ಮಗಳಿಗೆ ಆಟಿಸಂ ಎಂದರೆ ಮೊದಲಿನ ವರದಿ ಸುಳ್ಳಾಯಿತೇ ಎಂದು ಗಾಬರಿಯಾಗಬೇಡಿ. ಒಂದು ಕಾರಣದ ಹೆಸರು, ಇನ್ನೊಂದು ನಡವಳಿಕೆಯ ಹೆಸರು, ಎರಡೂ ಒಟ್ಟಿಗೆ ಇರಬಹುದು.

ನೆಂಟರ ಮಾತಿಗೆ ಬರುತ್ತೇನೆ. ಇದನ್ನು ಗಟ್ಟಿಯಾಗಿ, ಮನೆಯವರೆಲ್ಲ ಕುಳಿತಿರುವಾಗ ಓದಿ ಹೇಳಿ: ಸೋದರ ಸಂಬಂಧದ ಮದುವೆಗೂ ಈ ತೊಂದರೆಗೂ ಸಂಬಂಧವಿಲ್ಲ. ರಕ್ತ ಸಂಬಂಧದ ಮದುವೆಯಲ್ಲಿ ಹೆಚ್ಚುವುದು ಬೇರೆ ಬಗೆಯ ಕಾಯಿಲೆಗಳು. ತಾಯಿ ತಂದೆ ಇಬ್ಬರಲ್ಲೂ ಒಂದೇ ದೋಷವುಳ್ಳ ಜೀನ್ ಅಡಗಿದ್ದು, ಎರಡೂ ಮಗುವಿಗೆ ಬಂದಾಗ ಕಾಣಿಸಿಕೊಳ್ಳುವಂಥವು. ಇಲ್ಲಿ ಆದದ್ದು ಅದಲ್ಲ. ಫೆಲನ್-ಮೆಕ್‌ಡರ್ಮಿಡ್ ಇರುವ ಮಕ್ಕಳಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿಯಲ್ಲಿ ವರ್ಣತಂತುವಿನ ತುದಿ ಹೊಸದಾಗಿ, ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವ ಹೊತ್ತಿನಲ್ಲಿ ತುಂಡಾಗಿರುತ್ತದೆ. ತಾಯಿಯ ಊಟ, ಜ್ವರ, ಗ್ರಹಣದ ದಿನ ಹೊರಗೆ ಹೋದದ್ದು, ತಂದೆಯ ದುಡಿಮೆ ಯಾವುದೂ ಅದಕ್ಕೆ ಕಾರಣವಲ್ಲ. ನಿಮ್ಮ ಕೈಯಿಂದ ಆದದ್ದು ಏನೂ ಇಲ್ಲ, ಪತಿಯ ಕೈಯಿಂದ ಆದದ್ದೂ ಇಲ್ಲ.

ಮಾತು ಬರುತ್ತದೆಯೇ? ನಿಮಗೆ ನಿಜವನ್ನೇ ಹೇಳಬೇಕು. ಈ ಸ್ಥಿತಿಯಲ್ಲಿ ಮಾತು ಅತಿ ಹೆಚ್ಚು ಪೆಟ್ಟು ತಿನ್ನುವ ಭಾಗ. ಹಲವು ಮಕ್ಕಳು ವಾಕ್ಯ ಕಟ್ಟುವ ಹಂತಕ್ಕೆ ಬರುವುದಿಲ್ಲ. ಕೆಲವರು ಬಿಡಿ ಪದಗಳನ್ನು ಕಲಿತು ಬಳಸುತ್ತಾರೆ. ಕೆಲವರು ಕಲಿತ ಪದಗಳನ್ನು 3-4 ವರ್ಷದ ಸುಮಾರಿಗೆ ಕಳೆದುಕೊಳ್ಳುತ್ತಾರೆ, ನಿಮ್ಮ ಮಗಳ ‘ಅಮ್ಮ’, ‘ಬಾ’ ಮರೆಯಾದದ್ದು ಈ ಬಗೆಯದಿರಬಹುದು. ಕಳೆದ ತುಂಡು ಚಿಕ್ಕದಾದಷ್ಟೂ ತೊಂದರೆ ಸಾಮಾನ್ಯವಾಗಿ ಕಡಿಮೆ. ಕೆಲವು ಮಕ್ಕಳಲ್ಲಿ 90 ಲಕ್ಷ ಅಕ್ಷರಗಳ ತನಕ ಕಳೆದಿರುವುದುಂಟು, ಆ ಲೆಕ್ಕದಲ್ಲಿ ನಿಮ್ಮ ಮಗಳದು ಸಣ್ಣದರ ಕಡೆಗಿದೆ. ಆದರೂ ಒಂದೇ ಅಳತೆಯ ಕೊರತೆಯಿರುವ ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಬೆಳೆಯುತ್ತಾರೆ. ವರದಿಯ ಸಂಖ್ಯೆ ನೋಡಿ ಇವಳು ಇಷ್ಟು ಮಾತನಾಡುತ್ತಾಳೆ ಎಂದು ಭವಿಷ್ಯ ಹೇಳುವವರನ್ನು ನಂಬಬೇಡಿ.

ಆದರೆ ಒಂದು ಸಂಗತಿಯಲ್ಲಿ ನನಗೆ ಅನುಮಾನವಿಲ್ಲ. ಬಾಯಿಂದ ಬರುವ ಮಾತಿಗಿಂತ ಇವರಿಗೆ ಅರ್ಥವಾಗುವ ಮಾತು ಬಹಳ ಹೆಚ್ಚು. ಮತ್ತು ಮಾತು ಬಾರದ ಮಗುವಿಗೆ ಹೇಳಲು ಏನೂ ಇಲ್ಲ ಎಂದು ಅರ್ಥವಲ್ಲ. ಡ್ರಾಯರಿಗೆ ಬೆರಳು ಸಿಕ್ಕಿದ ಹುಡುಗ ಎದ್ದು ತಂದೆಯ ಬಳಿ ಬಂದು ಕೈ ಒತ್ತಿದ್ದು ಹೇಳಿಕೆಯೇ. ಅವನಿಗೆ ಅಳು ಬರಲಿಲ್ಲ, ಪದ ಬರಲಿಲ್ಲ, ಆದರೆ ಸುದ್ದಿಯನ್ನು ಮುಟ್ಟಿಸಬೇಕಾದವರಿಗೆ ಮುಟ್ಟಿಸಿದ. ಮಾತು ಬರುವ ತನಕ ಕಾಯುತ್ತ ಕೂರುವುದನ್ನು ಬಿಟ್ಟು, ಮಗಳು ಈಗಾಗಲೇ ಹೇಗೆ ಹೇಳುತ್ತಿದ್ದಾಳೆ ಎಂದು ಒಂದು ವಾರ ಗಮನಿಸಿ ಬರೆದಿಡಿ. ನಿಮ್ಮ ಕೈ ಹಿಡಿದು ಫ್ರಿಜ್ಜಿನ ಬಾಗಿಲಿಗೆ ತಂದಿಡುತ್ತಾಳೆಯೇ? ಬೇಡವಾದ ತಟ್ಟೆಯನ್ನು ಸರಿಸುತ್ತಾಳೆಯೇ? ಅಪ್ಪ ಚಪ್ಪಲಿ ಮೆಟ್ಟಿದ ಸದ್ದಿಗೆ ಬಾಗಿಲಿಗೆ ಓಡುತ್ತಾಳೆಯೇ? ಇವೇ ಅವಳ ಮೊದಲ ಪದಗಳು.

ಈಗ ಕನ್ನಡದ ವಿಷಯ. ಇದನ್ನು ಓದಿ ನನಗೆ ಬೇಸರವಾಯಿತು, ಏಕೆಂದರೆ ಈ ಸಲಹೆಯನ್ನು ನಾನು ಮುಲುಂಡಿನಿಂದ, ವಸಾಯಿಯಿಂದ, ಪುಣೆಯಿಂದ ಬರುವ ಕನ್ನಡ, ತುಳು ಮನೆಗಳವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದಕ್ಕೆ ಆಧಾರವಿಲ್ಲ. ಕೆನಡಾದಲ್ಲಿ ಡೌನ್ ಸಿಂಡ್ರೋಮ್ ಇರುವ, ಎರಡು ಭಾಷೆಯ ನಡುವೆ ಬೆಳೆಯುವ ಮಕ್ಕಳನ್ನು ಇಂಗ್ಲಿಷ್ ಒಂದನ್ನೇ ಕೇಳಿ ಬೆಳೆದ ಅಂಥದೇ ಮಕ್ಕಳ ಜೊತೆ ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಎರಡು ಭಾಷೆಯ ಮಕ್ಕಳ ಇಂಗ್ಲಿಷ್ ಹಿಂದೆ ಬಿದ್ದಿರಲಿಲ್ಲ, ಜೊತೆಗೆ ಅವರಿಗೆ ಇನ್ನೊಂದು ಭಾಷೆಯೂ ದಕ್ಕಿತ್ತು. ಆಟಿಸಂ ಇರುವ ಮಕ್ಕಳ ಮೇಲಿನ ಅಧ್ಯಯನಗಳೂ ಎರಡು ಭಾಷೆಯಿಂದ ಹಾನಿಯನ್ನು ಕಂಡಿಲ್ಲ.

ನಿಮ್ಮ ಮನೆಯ ಲೆಕ್ಕವನ್ನೇ ಮಾಡಿ ನೋಡಿ. ವಾರಕ್ಕೆ ಎರಡು ಸಲ 45 ನಿಮಿಷದ ಥೆರಪಿ ಎಂದರೆ ಒಂದೂವರೆ ಗಂಟೆ. ಮಗು ಎಚ್ಚರವಿರುವುದು ವಾರಕ್ಕೆ 80 ಗಂಟೆಗೂ ಮೇಲೆ. ಆ ಹೊತ್ತಿನ ಬಹುಪಾಲು ಅಜ್ಜಿಯ ಜೊತೆ. ಕನ್ನಡ ಬಿಡಿ ಎಂದರೆ, ಅಜ್ಜಿ ಹಗಲೆಲ್ಲ ಬಾಯಿ ಮುಚ್ಚಿ ಮಗುವಿಗೆ ಉಣ್ಣಿಸಬೇಕು, ಮಲಗಿಸಬೇಕು ಎಂದಾಯಿತು. ಮಾತು ತಡವಾದ ಮಗುವಿನ ಸುತ್ತ ಮಾತನ್ನೇ ನಿಲ್ಲಿಸುವುದು ಯಾವ ನ್ಯಾಯ? ನೀವು ಕೂಡ ಕಲಿತ ಇಂಗ್ಲಿಷಿನಲ್ಲಿ ‘ಕಮ್’, ‘ಸಿಟ್’, ‘ಈಟ್’ ಎಂದು ಆಜ್ಞೆ ಕೊಡಬಹುದು. ರೊಟ್ಟಿ ಬಡಿಯುತ್ತ ‘ನೋಡವ್ವ, ಹೆಂಗ ಉಬ್ಬಿತು ರೊಟ್ಟಿ’ ಎಂದು ಬಾಯ್ತುಂಬ ಹೇಳಲು ಬರುವುದು ಕನ್ನಡದಲ್ಲೇ. ಮಗುವಿಗೆ ಬೇಕಾದ್ದು ಆ ಬಾಯ್ತುಂಬ ಮಾತು. ಕನ್ನಡ ಬಿಡಬೇಡಿ. ನೆರೆಮನೆಯವರು ಮರಾಠಿಯಲ್ಲಿ ಮಾತನಾಡಿಸಿದರೆ ಮಾತನಾಡಿಸಲಿ, ಶಾಲೆಯಲ್ಲಿ ಇಂಗ್ಲಿಷ್ ಕೇಳಲಿ. ಮುಂಬಯಿಯ ಮಕ್ಕಳೆಲ್ಲ ಹೀಗೇ ಬೆಳೆಯುತ್ತಾರೆ, ಇವಳಿಗೆ ಬೇರೆ ಬೇಲಿ ಬೇಡ.

ಇನ್ನು ಕನ್ನಡದಿಂದ ಒಂದು ಉಪಕಾರವೂ ಇದೆ, ಇದು ನನ್ನ ಇಷ್ಟು ವರ್ಷದ ಅನುಭವದ ಮಾತು. ಬಾ, ತಾ, ಬೇಕು, ಬೇಡ, ಸಾಕು, ಕೊಡು: ನಮ್ಮ ದಿನಬಳಕೆಯ ಪದಗಳು ಎಷ್ಟು ಗಿಡ್ಡ ನೋಡಿ. ಅಮ್ಮ, ಅಪ್ಪ, ಮಮ್ಮು ಎನ್ನುವಾಗ ಎರಡೂ ತುಟಿ ಮುಚ್ಚುವುದು ಮಗುವಿನ ಕಣ್ಣಿಗೆ ಕಾಣುತ್ತದೆ. ಒತ್ತಕ್ಷರದ ಮೇಲೆ ನೀವು ಒಂದು ಕ್ಷಣ ತಡೆದು ನಿಲ್ಲಬಹುದು: ಅಪ್... ಪ. ಸ್ನಾಯು ಸಡಿಲವಿರುವ ಮಗುವಿಗೆ ತುಟಿ ಕೂಡಿಸಲು ಆ ಒಂದು ಕ್ಷಣ ಬೇಕು. ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ಹೇಳುವ ಶಿಶುಪ್ರಾಸಗಳ ಕೊನೆಯ ಪದವನ್ನು ಹೇಳದೆ ನಿಲ್ಲಿಸಿ, ಮಗುವಿನ ಮುಖ ನೋಡುತ್ತ ಮನಸ್ಸಿನಲ್ಲೇ ಹತ್ತು ಎಣಿಸಲಿ. ಸದ್ದು, ನಗು, ಕೈ ಆಡಿಸುವುದು ಏನು ಬಂದರೂ ಉತ್ತರವೆಂದೇ ತಿಳಿದು ಪ್ರಾಸ ಮುಗಿಸಲಿ. ಹತ್ತು ಎಣಿಸುವುದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ನಾವು ಮೂರಕ್ಕೇ ಉತ್ತರವನ್ನು ಮಗುವಿನ ಬಾಯಿಗೆ ತುರುಕಿಬಿಡುತ್ತೇವೆ.

ಇದರ ಜೊತೆಗೆ ಚಿತ್ರಗಳು, ಇಂದೇ. ಚಿತ್ರ ತೋರಿಸಿದರೆ ಮಗು ಸೋಮಾರಿಯಾಗಿ ಮಾತು ಕಲಿಯುವುದಿಲ್ಲ ಎಂಬ ಭಯ ಎಲ್ಲ ಮನೆಗಳಲ್ಲೂ ಇದೆ. 2006ರಲ್ಲಿ ಪ್ರಕಟವಾದ ಸಂಶೋಧನೆಗಳ ವಿಮರ್ಶೆಯೊಂದರಲ್ಲಿ ಚಿತ್ರ, ಸನ್ನೆ, ಉಪಕರಣಗಳನ್ನು ಬಳಸಿದವರಲ್ಲಿ ಒಬ್ಬರ ಮಾತೂ ಅದರಿಂದ ಕಡಿಮೆಯಾಗಿರಲಿಲ್ಲ, ಬಹುಪಾಲು ಮಂದಿಯ ಮಾತು ಹೆಚ್ಚಿತ್ತು. ಅಂಗಡಿಯ ಫ್ಲ್ಯಾಶ್ ಕಾರ್ಡ್ ಕೊಳ್ಳಬೇಡಿ. ಅದರಲ್ಲಿ ನೀರೆಂದರೆ ಗಾಜಿನ ಗ್ಲಾಸು, ನಿಮ್ಮ ಮನೆಯಲ್ಲಿ ಅವಳು ಕುಡಿಯುವುದು ಸ್ಟೀಲಿನ ಲೋಟದಲ್ಲಿ. ಅವಳದೇ ಲೋಟ, ಅವಳದೇ ಚಪ್ಪಲಿ, ಅವಳು ಮಲಗುವ ಕೌದಿ, ಬಿಸ್ಕತ್ತಿನ ಡಬ್ಬಿ, ಇವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ. ನಿಮ್ಮ ಕಣ್ಣಿನ ಎತ್ತರಕ್ಕಲ್ಲ, ಅವಳ ಕಣ್ಣಿನ ಎತ್ತರಕ್ಕೆ ಅಂಟಿಸಿ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಅದರ ಮೇಲೂ ಅದೇ ಚಿತ್ರವಿರಲಿ. ಅವಳು ನಿಮ್ಮ ಕೈ ಎಳೆದು ತಂದಾಗ ಚಿತ್ರ ಮುಟ್ಟಿಸಿ, ‘ಬೇಕು, ಬಿಸ್ಕತ್ತು ಬೇಕು’ ಎಂದು ಹೇಳಿ ಕೂಡಲೇ ಕೊಡಿ. ಹೇಳಿದರೆ ಮಾತ್ರ ಕೊಡುತ್ತೇನೆ ಎಂದು ಹಸಿದ ಮಗುವನ್ನು ಸತಾಯಿಸಬೇಡಿ. ಚಿತ್ರಕ್ಕೆ ಭಾಷೆಯ ಗೋಡೆ ಇಲ್ಲ ಎನ್ನುವುದು ನಿಮ್ಮಂಥ ಮನೆಗೆ ದೊಡ್ಡ ಅನುಕೂಲ: ಅದೇ ಕಾರ್ಡನ್ನು ಮುಟ್ಟಿ ಥೆರಪಿಯವರು ‘ಮೋರ್’ ಎನ್ನಲಿ, ಅಜ್ಜಿ ‘ಇನ್ನೂ’ ಎನ್ನಲಿ. ಮುಂದೆ ಮೊಬೈಲಿನಲ್ಲಿ ಚಿತ್ರ ಒತ್ತಿದರೆ ದನಿ ಬರುವ ಆಪ್‌ಗಳಿಗೆ ಹೋಗಬಹುದು. ಮುಂಬಯಿಯ ಐಐಟಿಯಲ್ಲೇ ರೂಪುಗೊಂಡ ಜೆಲ್ಲೋ ಎಂಬುದು ಉಚಿತವಾಗಿ ಸಿಗುತ್ತದೆ.

ಮೊದಲ ಕಾರ್ಡುಗಳಲ್ಲಿ ‘ನೋವು’ ಎಂಬುದೊಂದು ಇರಲೇಬೇಕು. ಅವಳು ಬಿದ್ದಾಗ, ಅಳಲಿ ಬಿಡಲಿ, ಮಂಡಿ ಮುಟ್ಟಿ, ಕಾರ್ಡ್ ತೋರಿಸಿ, ‘ನೋವು, ಇಲ್ಲಿ ನೋವು’ ಎಂದು ಅಜ್ಜಿ ಹೇಳಲಿ, ಊದಿ ತಟ್ಟಲಿ. ದಿನಕ್ಕೆ ಎಷ್ಟು ಸಲ ಬಿದ್ದರೆ ಅಷ್ಟು ಸಲ. ಅದನ್ನು ಕಲಿಯಲು ಒಂದು ವರ್ಷ ಹಿಡಿಯಬಹುದು, ಎರಡೂ ಹಿಡಿಯಬಹುದು. ಆದರೆ ತನಗೆ ಎಲ್ಲಿ ನೋಯುತ್ತಿದೆ ಎಂದು ಒಂದು ಚಿತ್ರ ಮುಟ್ಟಿ ತೋರಿಸಬಲ್ಲ ಮಗು, ನೂರು ಬಣ್ಣಗಳ ಹೆಸರು ಹೇಳುವ ಮಗುವಿಗಿಂತ ಸುರಕ್ಷಿತ. ಥೆರಪಿಯವರ ಗುರಿಪಟ್ಟಿಯಲ್ಲಿ ಬಣ್ಣ, ಆಕಾರ ಮೊದಲಿದ್ದರೆ ಇದನ್ನು ಮೇಲಕ್ಕೆ ತನ್ನಿ ಎಂದು ಕೇಳಿಕೊಳ್ಳಿ.

ವಾಕ್ ಮೌಲ್ಯಮಾಪನಕ್ಕೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ, 1983ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ. ರಜೆಗೆ ಊರಿಗೆ ಹೋದಾಗ ನಾಲ್ಕು ದಿನ ಹೊಂದಿಸಿಕೊಂಡು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಒಮ್ಮೆ ಹೋಗಿಬನ್ನಿ. ಮಗುವಿಗೆ ಎಷ್ಟು ಅರ್ಥವಾಗುತ್ತದೆ ಎಂಬುದನ್ನು ಅವಳು ಕೇಳಿ ಬೆಳೆದ ಭಾಷೆಯಲ್ಲೇ ಅಳೆಯಬೇಕು, ಅಲ್ಲಿ ಅದು ಕನ್ನಡದಲ್ಲಿ ಆಗುತ್ತದೆ.

ಪರೀಕ್ಷೆಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಮಕ್ಕಳ ವೈದ್ಯರು ಉಳಿದದ್ದನ್ನು ವಿವರಿಸುತ್ತಾರೆ. ಕಿವಿ ಕೇಳಿಸುತ್ತದೆಯೇ ಎಂಬ ಬೆರಾ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದು. ಮೂತ್ರಪಿಂಡದ ಸ್ಕ್ಯಾನ್ ಒಂದು ಸಲ ಆಗಲೇಬೇಕು, ಈ ಮಕ್ಕಳಲ್ಲಿ ಮೂತ್ರಪಿಂಡದ ರಚನಾದೋಷ ಸಾಮಾನ್ಯರಿಗಿಂತ ಹೆಚ್ಚು. ಹೃದಯದ ಎಕೋ ಕೂಡ. ಫಿಟ್ಸ್ ಎಂದರೆ ಕೈಕಾಲು ಅದುರುವುದೇ ಆಗಬೇಕಿಲ್ಲ. ಆಡುತ್ತ ಆಡುತ್ತ ಕಣ್ಣು ನೆಟ್ಟು ಕೆಲವು ಸೆಕೆಂಡು ಕಳೆದುಹೋದಂತೆ ಕಂಡರೆ ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಂಡು ನರರೋಗ ತಜ್ಞರಿಗೆ ತೋರಿಸಿ, ನಿದ್ದೆಯಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಿಸಲು ಹೇಳುತ್ತಾರೆ. ಪದಗಳು ಮರೆಯಾಗಿವೆ ಎಂದು ನೀವು ಬರೆದಿರುವುದರಿಂದ ಈ ಇಇಜಿಯನ್ನು ಫಿಟ್ಸ್ ಕಾಣುವ ತನಕ ಕಾಯದೆ ಮಾಡಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಗುವಿನ ಪ್ರಶ್ನೆಗೆ ಉತ್ತರ ಮೈಕ್ರೋಅರೇಯಲ್ಲಿ ಇಲ್ಲ. ಮೈಕ್ರೋಅರೇ ಎಷ್ಟು ಕಳೆದಿದೆ ಎಂದು ತೋರಿಸುತ್ತದೆ, ಹೇಗೆ ಕಳೆಯಿತು ಎಂದು ತೋರಿಸುವುದಿಲ್ಲ. ಆದ್ದರಿಂದ ಮಗಳಿಗೂ ನಿಮ್ಮಿಬ್ಬರಿಗೂ ವರ್ಣತಂತುಗಳ ಆಕಾರವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ಯಾರಿಯೋಟೈಪ್ ಎಂಬ ಹಳೆಯ, ಕಡಿಮೆ ಖರ್ಚಿನ ಪರೀಕ್ಷೆ ಆಗಬೇಕು. ತುಂಡು ಇಷ್ಟು ಚಿಕ್ಕದಾದ್ದರಿಂದ ಅದರ ಜೊತೆಗೆ, ಆ ತುದಿಗೆ ಹೊಳೆಯುವ ಗುರುತು ಹಚ್ಚಿ ಅದು ಎಲ್ಲಿದೆ ಎಂದು ತೋರಿಸುವ ಫಿಶ್ ಪರೀಕ್ಷೆಯನ್ನೂ ಕೇಳಿ. ಕೆಲವು ತಂದೆ ತಾಯಿಯರಲ್ಲಿ 22ರ ತುದಿ ಇನ್ನೊಂದು ವರ್ಣತಂತುವಿನ ತುದಿಯ ಜೊತೆ ಜಾಗ ಬದಲಿಸಿಕೊಂಡಿರುತ್ತದೆ. ಅವರಲ್ಲಿ ಏನೂ ಕಳೆದಿಲ್ಲದ್ದರಿಂದ ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಮಕ್ಕಳಿಗೆ ದಾಟಿಸುವಾಗ ಲೆಕ್ಕ ತಪ್ಪುತ್ತದೆ. ಹಾಗಿದ್ದರೆ ಮುಂದಿನ ಮಗುವಿನಲ್ಲೂ ಮರುಕಳಿಸುವ ಸಾಧ್ಯತೆ ಗಣನೀಯ. ಇಬ್ಬರದೂ ಸರಿಯಿದ್ದರೆ ಆ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಯಾವುದೇ ಆದರೂ ಗರ್ಭದ 11ನೆಯ ವಾರದ ನಂತರ ಮಾಸುಚೀಲದ ಚೂರಿನಿಂದ, ಇಲ್ಲವೇ 16ನೆಯ ವಾರದ ಸುಮಾರಿಗೆ ಗರ್ಭಜಲದಿಂದ ಪರೀಕ್ಷಿಸಿ ತಿಳಿಯಬಹುದು, ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ. ಗರ್ಭ ನಿಂತ ಮೇಲೆ ಓಡಾಡುವ ಬದಲು ಮೊದಲೇ ವಂಶವಾಹಿ ಸಲಹೆಗಾರರನ್ನು ಕಾಣಿ.

ಮಗಳ ಕ್ಯಾರಿಯೋಟೈಪಿಗೆ ಇನ್ನೊಂದು ಕಾರಣವಿದೆ. ಕೆಲವು ಮಕ್ಕಳಲ್ಲಿ 22ನೆಯ ವರ್ಣತಂತುವಿನ ಎರಡೂ ತುದಿ ಮುರಿದು ಅಂಟಿಕೊಂಡು ಉಂಗುರವಾಗಿರುತ್ತದೆ. ಮೈಕ್ರೋಅರೇಗೆ ಉಂಗುರ ಕಾಣುವುದಿಲ್ಲ. ಉಂಗುರವಿದ್ದರೆ ಮುಂದೆ ಕಿವಿಯ ನರ, ಮಿದುಳಿನ ಪೊರೆಗಳಲ್ಲಿ ಗಡ್ಡೆಗಳಾಗುವ ಸಾಧ್ಯತೆ ಇರುವುದರಿಂದ ಆಗಾಗ ತಪಾಸಣೆ ಬೇಕು. ಇಲ್ಲದಿದ್ದರೆ ಆ ಒಂದು ಚಿಂತೆ ನಿಮ್ಮ ತಲೆಯಿಂದ ಇಳಿಯುತ್ತದೆ.

ನಿಮ್ಮ ಊರಿನಲ್ಲೇ, ಬಹುಶಃ ಈಗಾಗಲೇ, ಯಾರಾದರೂ ಆಕರಕೋಶ ಚಿಕಿತ್ಸೆ, ಅಂದರೆ ಸ್ಟೆಮ್ ಸೆಲ್ ಚುಚ್ಚುಮದ್ದಿನ ವಿಷಯ ಹೇಳಿರಬಹುದು. ಲಕ್ಷಗಟ್ಟಲೆ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಇಂಥ ತೊಂದರೆಗಳಿಗೆ ಅದನ್ನು ಅನುಮೋದಿತ ಸಂಶೋಧನೆಯ ಹೊರಗೆ ಹಣ ಪಡೆದು ಕೊಡುವಂತಿಲ್ಲ. ಮಗಳ ಪ್ರತಿಯೊಂದು ಕೋಶದಲ್ಲೂ ಇಲ್ಲದ ತುಂಡನ್ನು ಬೆನ್ನಿಗೆ ಚುಚ್ಚಿದ ಕೋಶಗಳು ತಂದುಕೊಡುವುದಿಲ್ಲ. ದಯವಿಟ್ಟು ಊರಿನ ಹೊಲ, ಕೊರಳಿನ ಬಂಗಾರ ಇದಕ್ಕೆ ಹಾಕಬೇಡಿ. ಈ ಸ್ಥಿತಿಗೇ ಎಂದು ಅನುಮೋದನೆ ಪಡೆದ ಔಷಧ ಸದ್ಯಕ್ಕಿಲ್ಲ, ಸಂಶೋಧನೆ ನಡೆಯುತ್ತಿದೆ. ಆ ಹಣವನ್ನು ಥೆರಪಿಗೆ, ನಿಮ್ಮ ನಿದ್ದೆಗೆ, ಅಜ್ಜಿಗೆ ವಾರಕ್ಕೆರಡು ಮಧ್ಯಾಹ್ನ ಬಿಡುವು ಕೊಡುವ ಒಬ್ಬ ಸಹಾಯಕಿಗೆ ಖರ್ಚು ಮಾಡಿ.

ಸರ್ಕಾರಿ ಕಾಗದಗಳನ್ನು ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಮಾತಿನ ತೊಂದರೆ ಎಲ್ಲ ಸೇರಿವೆ. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಮಾಡಿಸಿದರೆ ಅದು ಇಡೀ ದೇಶದಲ್ಲಿ ನಡೆಯುತ್ತದೆ, ನಾಳೆ ಗದಗಿಗೆ ಮರಳಿದರೂ ಮತ್ತೆ ಮೊದಲಿಂದ ಓಡಾಡಬೇಕಿಲ್ಲ. ರಾಷ್ಟ್ರೀಯ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ರಕ್ಷಣೆಯಿದೆ, ಥೆರಪಿಯ ಖರ್ಚಿನ ಒಂದು ಭಾಗವೂ ಅದರೊಳಗೆ ಬರುತ್ತದೆ.

ಕ್ಯಾರಿಯೋಟೈಪ್ ಮತ್ತು ಫಿಶ್ ವರದಿ ಬರಲು ಕೆಲವು ವಾರ ಹಿಡಿಯುತ್ತದೆ. ಬಂದ ಮೇಲೆ ಮೂವರದನ್ನೂ ಒಟ್ಟಿಗೆ ಕಳುಹಿಸಿ. ಜೊತೆಗೆ ಎರಡು ನಿಮಿಷದ ಒಂದು ವಿಡಿಯೊ ಇರಲಿ. ಅದರಲ್ಲಿ ಮಗಳಿಂದ ಏನನ್ನೂ ಮಾಡಿಸಬೇಡಿ, ‘ಹೇಳು, ಹೇಳು’ ಎನ್ನಬೇಡಿ. ಅಜ್ಜಿ ಅಡುಗೆಮನೆಯಲ್ಲಿ ಕುಳಿತು ತಮ್ಮ ಪಾಡಿಗೆ ಮೊಮ್ಮಗಳ ಜೊತೆ ಮಾತನಾಡುತ್ತಿರುವುದನ್ನು ಬಾಗಿಲ ಮರೆಯಿಂದ ತೆಗೆದು ಕಳುಹಿಸಿ. ಮಗು ಯಾವ ಮಾತಿಗೆ ತಲೆ ಎತ್ತುತ್ತದೆ ಎಂದು ನಾನು ನೋಡಬೇಕು.